ಅಕ್ಕೋರ ಕೊಳದಲ್ಲಿ ನಾನು ಮಾಡಿದ ತಪ್ಪು

ಸುರಪುರದ ಹೊರಗೆ, ಕಾಲುವೆ ರಸ್ತೆಯ ಪಕ್ಕದ ಒಂದು ಮನೆಯಲ್ಲಿ ಈಜುಕೊಳವಿತ್ತು. ಮೋಜಿಗೆಂದು ಕಟ್ಟಿಸಿದ್ದಲ್ಲ. ಮನೆಯ ಯಜಮಾನರ ಅಕ್ಕ ಮೂವತ್ತು ವರ್ಷ ಶಾಲೆಯಲ್ಲಿ ಗಣಿತ ಕಲಿಸಿದವರು. ನಿವೃತ್ತಿಯಾದ ಮೇಲೆ ಲಕ್ವ ಹೊಡೆದು ಅವರ ಬಲಗಾಲು ಸ್ವಾಧೀನ ತಪ್ಪಿತ್ತು. ನೀರಿನಲ್ಲಿ ನಡೆದರೆ ಕಾಲಿಗೆ ಬಲ ಬರುತ್ತದೆ ಎಂದು ಡಾಕ್ಟರು ಹೇಳಿದ್ದೇ ತಡ, ಹತ್ತಿ ವ್ಯಾಪಾರಿಯಾದ ಆ ತಮ್ಮ, ಮನೆಯ ಹಿತ್ತಲಲ್ಲಿ ಎದೆಮಟ್ಟದ ಕೊಳ ಕಟ್ಟಿಸಿ, ನೀರಿಗೆ ತಾನಾಗಿಯೇ ಔಷಧ ಬಿಡುವ ಯಂತ್ರವನ್ನು ಹೈದರಾಬಾದಿನಿಂದ ತರಿಸಿದ್ದರು. ಊರೆಲ್ಲ ಆಕೆಯನ್ನು ಅಕ್ಕೋರು ಎನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ.

ನನ್ನ ಮನೆ ಯಾದಗಿರಿಯಲ್ಲಿ, ಕೆಲಸ ಸೈದಾಪುರದ ಕಡೆಯ ಕಾರ್ಖಾನೆಯಲ್ಲಿ. ಅಲ್ಲಿ ಇಂಥವೇ ಯಂತ್ರಗಳನ್ನು ನೋಡಿಕೊಳ್ಳುತ್ತಿದ್ದೆ. ವಾರದ ರಜೆಯಲ್ಲಿ ಹೊರಗಿನ ರಿಪೇರಿಗೂ ಹೋಗುತ್ತಿದ್ದೆ.

ಅಕ್ಕೋರ ಮನೆಯ ಯಂತ್ರ ಎಂದರೆ ಗೋಡೆಗೆ ಹಾಕಿದ ಒಂದು ಪೆಟ್ಟಿಗೆ. ಅದರಿಂದ ಒಂದು ನಳಿಕೆ ಕ್ಲೋರಿನ್ ಕ್ಯಾನಿಗೆ, ಇನ್ನೊಂದು ಆ್ಯಸಿಡ್ ಕ್ಯಾನಿಗೆ. ನೀರು ಎಷ್ಟು ಕೇಳುತ್ತದೋ ಅಷ್ಟನ್ನೇ ಅದು ಹನಿಹನಿಯಾಗಿ ಪೈಪಿಗೆ ಬಿಡುತ್ತಿತ್ತು. ಪೈಪಿನಲ್ಲಿ ನೀರು ಹರಿಯುತ್ತಿದೆಯೋ ಇಲ್ಲವೋ ನೋಡಲು ಒಂದು ಸಣ್ಣ ಸ್ವಿಚ್ಚು. ಹರಿವು ನಿಂತರೆ ಅದು ಔಷಧವನ್ನೂ ನಿಲ್ಲಿಸಬೇಕು. ಆದರೆ ಕಾಲುವೆಗೆ ನೀರು ಬಿಟ್ಟಾಗಲೆಲ್ಲ, ಕೊಳಕ್ಕೆ ನೀರು ಕೊಡುವ ಹೊಲದ ಬಾವಿ ಉಕ್ಕಿ, ಅದರ ನುಣ್ಣನೆಯ ರಾಡಿ ಕೊಳದ ಪೈಪಿಗೂ ಬರುತ್ತಿತ್ತು. ರಾಡಿ ಮೆತ್ತಿದ ಸ್ವಿಚ್ಚು, ನೀರು ಹರಿಯುತ್ತಿದ್ದರೂ ಹರಿಯುತ್ತಿಲ್ಲ ಎನ್ನುತ್ತಿತ್ತು. ಔಷಧ ನಿಲ್ಲುತ್ತಿತ್ತು, ಎರಡೇ ದಿನಕ್ಕೆ ಕೊಳ ಹಸಿರಾಗುತ್ತಿತ್ತು.

ಮೂರನೇ ಸಲ ಕರೆ ಬಂದಾಗ ಯಜಮಾನರ ದನಿ ಗಡುಸಾಗಿತ್ತು. "ಮತ್ತ ನಿಂತದ ನೋಡ್ರಿ. ಅಕ್ಕ ನೀರಿಗಿಳಿದು ನಾಕು ದಿನ ಆತು. ನಿಮಗ ಆಗಂಗಿಲ್ಲ ಅಂದ್ರ ಹೇಳಿಬಿಡ್ರಿ."

ಆ ಮಾತು ನನಗೆ ನಾಟಿತು. ಹೋದವನೇ ಸ್ವಿಚ್ಚು ತೊಳೆದೆ, ಒರೆಸಿದೆ. ಅದು ಮತ್ತೆ ಸಿಕ್ಕಿಕೊಂಡಿತು. ಮಧ್ಯಾಹ್ನದ ಬಸ್ಸಿನ ಹೊತ್ತಾಗುತ್ತಿತ್ತು. ಸ್ವಿಚ್ಚಿನ ಎರಡು ವೈರು ಕಿತ್ತು ಒಂದಕ್ಕೊಂದು ಹೊಸೆದು ಟೇಪು ಸುತ್ತಿದೆ. ಇನ್ನು ಯಂತ್ರಕ್ಕೆ ನೀರು ಯಾವಾಗಲೂ ಹರಿಯುತ್ತಿರುವ ಹಾಗೇ ಲೆಕ್ಕ. ಹೊಸ ಸ್ವಿಚ್ಚು ಮುಂದಿನ ವಾರ ತಂದರಾಯಿತು ಎಂದುಕೊಂಡೆ.

"ಈಗ ಬರೋಬರ್ ಆತೇನ್ರಿ?" ಎಂದರು ಅಕ್ಕೋರು, ಬಾಗಿಲಲ್ಲಿ ಕೋಲೂರಿ ನಿಂತು.

"ಹೌದ್ರಿ, ಫಿಕರ್ ಮಾಡಬ್ಯಾಡ್ರಿ," ಎಂದೆ.

ಬಸ್ಸಿನಲ್ಲಿ ಕೂತ ಮೇಲೆ ಮೈಯೊಳಗೆ ಏನೋ ಕಿರಿಕಿರಿ. ಕಿಟಕಿ ತೆಗೆದೆ, ಮುಚ್ಚಿದೆ. ಏನೋ ಮರೆತಿದ್ದೇನೆ ಅನ್ನಿಸಿ ಸಾಮಾನಿನ ಚೀಲ ಎರಡು ಸಲ ಬಿಚ್ಚಿ ನೋಡಿದೆ. ಎಲ್ಲ ಇದ್ದವು. ಶಹಾಪುರದಲ್ಲಿ ಬಸ್ಸು ನಿಂತಾಗ ಚಹಾ ಕುಡಿಯಲು ಇಳಿದೆ. ಹೋಟೆಲಿನ ಫ್ಯಾನು ನಿಧಾನವಾಗಿ ನಿಂತಿತು. ಕರೆಂಟು ಹೋಗಿತ್ತು. ಆಗ ಹೊಳೆಯಿತು.

ಸುರಪುರದಲ್ಲೂ ಮಧ್ಯಾಹ್ನ ಕರೆಂಟು ಹೋಗುತ್ತಿತ್ತು. ಹೋದರೆ ಪಂಪು ನಿಲ್ಲುತ್ತದೆ. ಪೆಟ್ಟಿಗೆ ಮಾತ್ರ ಮನೆಯ ಇನ್ವರ್ಟರ್ ಮೇಲಿತ್ತು, ಅದು ನಿಲ್ಲುವುದಿಲ್ಲ. ನಿಂತ ನೀರಿಗೆ ಕ್ಲೋರಿನ್ನೂ ಆ್ಯಸಿಡ್ಡೂ ಒಂದೇ ಕಡೆ ಬೀಳುತ್ತಲೇ ಇರುತ್ತವೆ. ಎರಡೂ ಬೆರೆತರೆ ವಿಷಗಾಳಿ. ಕರೆಂಟು ಬಂದು ಪಂಪು ತಿರುಗಿದ ಕೂಡಲೇ ಅದೆಲ್ಲ ಒಮ್ಮೆಗೇ ಕೊಳಕ್ಕೆ ನುಗ್ಗುತ್ತದೆ. ತಡೆಯಲೆಂದೇ ಇದ್ದ ಸ್ವಿಚ್ಚನ್ನು ನನ್ನ ಕೈಯಾರೆ ಕಿತ್ತಿದ್ದೆ.

ಯಜಮಾನರಿಗೆ ಫೋನು ಹಚ್ಚಿದೆ. ರಿಂಗಾಯಿತು, ಎತ್ತಲಿಲ್ಲ. ಮತ್ತೆ ಹಚ್ಚಿದೆ. ಸುರಪುರದ ಜೀಪು ಹತ್ತಿ ಕೂತರೆ ಡ್ರೈವರ್ ಇನ್ನಿಬ್ಬರು ಬರಲಿ ಎನ್ನುತ್ತಾನೆ. "ಆ ಇಬ್ಬರ ಸೀಟಿಂದೂ ನಾನ ಕೊಡ್ತೀನಿ, ಜಲ್ದಿ ನಡೀರಿ," ಎಂದೆ. ದಾರಿಯಲ್ಲಿ ಭತ್ತದ ಟ್ರ್ಯಾಕ್ಟರೊಂದು ಬಲಕ್ಕೂ ಸರಿಯದೆ, ಎಡಕ್ಕೂ ಸರಿಯದೆ ಮುಂದೆ ಮುಂದೆ ಹೋಗುತ್ತಿತ್ತು. ಅಷ್ಟು ಹೊತ್ತೂ ಕಿವಿಗೆ ಫೋನು ಹಿಡಿದೇ ಇದ್ದೆ.

ಗೇಟು ದೂಡಿ ಹಿತ್ತಲಿಗೆ ಓಡಿದೆ. ನಾಲ್ಕು ದಿನ ಕಾದಿದ್ದ ಅಕ್ಕೋರು, ನೀರು ಪೂರ್ತಿ ತಿಳಿಯಾಗುವ ಮೊದಲೇ ಇಳಿದು, ಎದೆಮಟ್ಟದ ನೀರಿನಲ್ಲಿ ಸ್ಟೀಲಿನ ಕಂಬಿ ಹಿಡಿದು ನಡೆಯುತ್ತಿದ್ದರು. ಯಜಮಾನರು ಫೋನು ಮನೆಯೊಳಗೇ ಬಿಟ್ಟು, ದಡದಲ್ಲಿ ಕುರ್ಚಿ ಹಾಕಿಕೊಂಡು ಪೇಪರ್ ಓದುತ್ತಿದ್ದರು. ಪಂಪು ನಿಂತಿತ್ತು.

"ಮ್ಯಾಲ ಬರ್ರಿ! ಅಕ್ಕೋರ, ಮ್ಯಾಲ ಬರ್ರಿ!"

"ಯಾಕ್ರಿ, ಏನಾತು?" ಎಂದು ಅವರು ತಿರುಗುವಷ್ಟರಲ್ಲಿ ಕರೆಂಟು ಬಂತು. ಪಂಪು ಗೊರ್ ಎಂದಿತು. ಕೊಳಕ್ಕೆ ನೀರು ಬರುವ ಗೋಡೆಯ ತೂತಿನಿಂದ ಹಳದಿ ಹಸಿರಿನ ಗುಳ್ಳೆಗಳು ಉಕ್ಕಿದವು. ಆ ವಾಸನೆ ಗಂಟಲನ್ನೇ ಹಿಡಿಯುವಂಥದ್ದು. ಮೇನ್ ಸ್ವಿಚ್ಚು ಕೆಳಗೆಳೆದು, ಶರ್ಟು ಪ್ಯಾಂಟಿನಲ್ಲೇ ನೀರಿಗೆ ಹಾರಿದೆ. ಯಜಮಾನರು ಮೇಲಿನಿಂದ ಎಳೆದರು, ನಾನು ಕೆಳಗಿನಿಂದ ಎತ್ತಿದೆ. ಅಕ್ಕೋರು ಕೆಮ್ಮುತ್ತಾ ಮೆಟ್ಟಿಲ ಮೇಲೆ ಕುಸಿದರು.

ದವಾಖಾನೆಯಲ್ಲಿ ಆಮ್ಲಜನಕ ಹಾಕಿ, ಮರುದಿನ ಮನೆಗೆ ಕಳಿಸಿದರು. ಆ ಸಂಜೆ ಮಂಚದ ಪಕ್ಕ ನಿಂತು ಹೇಳಿದೆ: "ಯಂತ್ರದ್ದಲ್ರಿ ತಪ್ಪು, ನಂದು. ವೈರು ನಾನ ಜೋಡಿಸಿದ್ದೆ."

ಯಜಮಾನರು ಸಿಟ್ಟಿನಿಂದ ಎದ್ದರು. "ಏನಂತೀರಿ? ಗೊತ್ತಿದ್ದೂ ಹಿಂಗ ಮಾಡೀರಿ?"

ಅಕ್ಕೋರು ಕೈಸನ್ನೆಯಲ್ಲೇ ತಮ್ಮನನ್ನು ಕೂರಿಸಿದರು. ದನಿ ಇನ್ನೂ ಒಡೆದಿತ್ತು. "ಉತ್ತರ ತಪ್ಪಾಗ್ಯಾದ ಅಂತ ಎಲ್ಲಾರೂ ಹೇಳ್ತಾರ. ಯಾವ ಸಾಲಿನ್ಯಾಗ ತಪ್ಪ್ಯಾದ ಅದನ್ನ ತೋರಸ್ರಿ ನನಗ."

ಅವರ ನೋಟುಬುಕ್ಕಿನಲ್ಲಿ ಪಂಪು, ಪೈಪು, ಪೆಟ್ಟಿಗೆ, ಸ್ವಿಚ್ಚು ಎಲ್ಲ ಬರೆದು ತೋರಿಸಿದೆ. ಅವರು ಒಂದೊಂದನ್ನೂ ಬಿಡಿಸಿ ಬಿಡಿಸಿ ಕೇಳಿದರು. "ಪಂಪಿಗೂ ಪೆಟ್ಟಿಗಿಗೂ ಬ್ಯಾರೆ ಬ್ಯಾರೆ ಕರೆಂಟು ಯಾಕ?" ಎಂದರು. ಮೊದಲ ದಿನವೇ ನಾನು ಕೇಳಿಕೊಳ್ಳಬೇಕಿದ್ದ ಪ್ರಶ್ನೆ ಅದು.

ಮುಂದಿನ ರಜೆಗೆ ಹೊಸ ಸ್ವಿಚ್ಚು ಹಾಕಿದೆ. ಬಾವಿಯ ನೀರಿಗೆ ರಾಡಿ ಸೋಸುವ ಫಿಲ್ಟರು ಕೂರಿಸಿದೆ. ಪೆಟ್ಟಿಗೆಯನ್ನು ಇನ್ವರ್ಟರಿನಿಂದ ಬಿಡಿಸಿ ಪಂಪಿನ ಲೈನಿಗೇ ಕಟ್ಟಿದೆ. ಅಕ್ಕೋರು ಕುರ್ಚಿ ತರಿಸಿ ಎದುರಿಗೇ ಕೂತಿದ್ದರು.

"ಪಂಪು ಆರಸ್ರಿ," ಎಂದರು. ಆರಿಸಿದೆ. ಎರಡೂ ನಳಿಕೆಗಳಲ್ಲಿ ಹನಿ ನಿಂತಿತು.

"ಇನ್ನೊಮ್ಮೆ."

ಎಷ್ಟು ಸಲ ಆರಿಸಿದೆನೋ ನೆನಪಿಲ್ಲ. ಕೊನೆಗೆ ಅವರು ಕೋಲು ಬದಿಗಿಟ್ಟು, ಕಂಬಿ ಹಿಡಿದು ನೀರಿಗಿಳಿದರು. ಈ ದಡದಿಂದ ಆ ದಡಕ್ಕೆ, ಮತ್ತೆ ಈ ದಡಕ್ಕೆ. ನಾನು ಪಂಪಿನ ಪಕ್ಕ ಕಾಲು ಬದಲಿಸುತ್ತಾ ನಿಂತಿದ್ದೆ. ಅವರು ಮೇಲೆ ಬಂದು ಟವೆಲ್ ಹೊದೆಯುವವರೆಗೂ ನನಗೆ ಕೂರಲಾಗಲಿಲ್ಲ.