ಅಪ್ಪ ಕಟ್ಟಿದ ಹಲ್ಲು

ತರೀಕೆರೆಯಲ್ಲಿ ಹಲ್ಲು ಕಟ್ಟುತ್ತಿದ್ದ ಚೀನೀ ಡಾಕ್ಟರ ಮಗ ನಾನು. ಎಂಬತ್ತರ ದಶಕದಲ್ಲಿ ಕ್ಯಾಮೆರಾ ಕೈಗೆ ಬಂದಾಗ, ನಮ್ಮಂತೆ ಇಲ್ಲೇ ನೆಲೆಸಿದ ಚೀನೀ ಮನೆತನಗಳ ಫೋಟೋ ತೆಗೆದೆ. ಅಪ್ಪ ತೀರಿಕೊಂಡ ಮೇಲೆ, ಅವರದ್ದೂ ಸೇರಿಸಿ ಆ ಫೋಟೋಗಳನ್ನು ಅಜ್ಜಂಪುರದ ಒಂದು ಶಾಲೆಯಲ್ಲಿ ಪ್ರದರ್ಶನಕ್ಕೆ ತೂಗುಹಾಕಿದೆ. ಬಂದವರೆಲ್ಲ ನನ್ನ ಮುಖ ನೋಡಿ, “ಯಾವ ದೇಶದೋರಪ್ಪಾ?” ಎಂದರು. ಕೇಳಿ ಕೇಳಿ ಸಾಕಾಗಿತ್ತು.

ಗೌರಮ್ಮ ಎಂಬ ಅಜ್ಜಿ ಮಾತ್ರ ಅಪ್ಪನ ಫೋಟೋ ಮುಂದೆ ನಿಂತು, “ನಮ್ ಡಾಕ್ಟ್ರು ಕಣಪ್ಪಾ” ಎಂದರು. ಗೋಡೆ ಕಡೆ ತಿರುಗಿ, ಎಲೆಅಡಿಕೆ ಸಂಚಿಯಿಂದ ಹಲ್ಲಿನ ಸೆಟ್ಟು ತೆಗೆದು ಬಾಯಿಗಿಟ್ಟುಕೊಂಡರು.

“ಮದ್ವೆಗೆ, ಫೋಟೋಗೆ ಮಾತ್ರ ಹಾಕ್ಕೊಳೋದು. ಇದೂ ಅವ್ರ ಕೈಕೆಲ್ಸಾನೇ. ಇದ್ನೂ ಒಂದು ತೆಗಿ.”

ಆ ಫೋಟೋವನ್ನೂ ಅಪ್ಪನ ಪಕ್ಕ ತೂಗುಹಾಕಿದೆ. ಬಿಗಿದ ಮುಖಗಳ ಆ ಚೀನೀ ಸಾಲಿನಲ್ಲಿ ಇವತ್ತಿಗೂ ನಗುತ್ತಿರುವುದು ಗೌರಮ್ಮ ಒಬ್ಬರೇ. ಇವರಲ್ಲಿ ಚೀನೀಯರದ್ದು ಏನಿದೆ ಎಂದು ಯಾರಾದರೂ ಕೇಳಿದರೆ, ಹಲ್ಲು ಎನ್ನುತ್ತೇನೆ.