ಇಸಿಲದ ಮಹಾಮಾತ್ರರಿಗೆ ಯರ್ರಮ್ಮ ಬರೆಸಿದ ಅರ್ಜಿ

ಬ್ರಹ್ಮಗಿರಿಯ ಬುಡದಲ್ಲಿ ಅಶೋಕನ ಶಾಸನದ ಬಂಡೆ ಇದೆಯಲ್ಲ, ಅದರ ಸುತ್ತ ಇಪ್ಪತ್ತು ವರ್ಷ ಕಸ ಗುಡಿಸಿದವಳು ಯರ್ರಮ್ಮ. ಅಕ್ಷರ ಬಾರದು. ಆದರೆ ಬಂಡೆ ನೋಡಲು ಬಂದ ಮೇಷ್ಟರುಗಳು ಮಕ್ಕಳಿಗೆ ಬಿಡಿಸಿ ಹೇಳಿದ್ದನ್ನೆಲ್ಲ ಪೊರಕೆ ಹಿಡಿದೇ ಕೇಳಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಳು. ಮಾತೋ, ಕಡ್ಡಿ ಮುರಿದಂತೆ. ಸಿಟ್ಟು ಬಂದರೆ ಕನ್ನಡ ಸಾಲದೆ ತೆಲುಗಿಗೆ ಇಳಿಯುತ್ತಿದ್ದಳು.

ಆ ವರ್ಷ ಸಿಟ್ಟಿಗೆ ಕಾರಣವೂ ಇತ್ತು. ಅವಳ ಎರಡೆಕರೆ ಶೇಂಗಾ ಹೊಲಕ್ಕೆ ಹೋಗುವ ಬಂಡಿದಾರಿಯನ್ನು ಓಂಕಾರಮೂರ್ತಿ ತನ್ನ ದಾಳಿಂಬೆ ತೋಟಕ್ಕೆ ಸೇರಿಸಿಕೊಂಡು, ಕಲ್ಲುಕಂಬ ನೆಟ್ಟು, ಗೇಟಿಗೆ ಬೀಗ ಜಡಿದಿದ್ದ. ಕಿತ್ತ ಶೇಂಗಾ ಹೊಲದಲ್ಲೇ ಮೆದೆಯಾಗಿ ಬಿದ್ದಿತ್ತು. "ದಾರಿ ಇಲ್ಲದ ಹೊಲ ಇಟ್ಕಂಡು ಏನ್ ಮಾಡ್ತೀಯ ಯರ್ರಮ್ಮ? ನನಗೇ ಬರ್ಕೊಡು" ಅಂದಿದ್ದ, ನಗುನಗುತ್ತಲೇ. ಆ ದಾರಿಯಾಚೆ ಇನ್ನೂ ಆರೇಳು ಜನರ ಹೊಲ ಇತ್ತು. ಓಂಕಾರಮೂರ್ತಿಯ ಎದುರು ಒಬ್ಬರೂ ತುಟಿ ಬಿಚ್ಚಲಿಲ್ಲ.

ಯರ್ರಮ್ಮ ತಾಲ್ಲೂಕು ಕಚೇರಿಗೆ ಎರಡು ಸಲ ಅರ್ಜಿ ಕೊಟ್ಟಳು. ಎರಡೂ ಎಲ್ಲಿ ಹೋದವೋ ಆ ದೇವರೇ ಬಲ್ಲ. ಮೂರನೆಯ ಸಲ ಅರ್ಜಿ ಬರೆಯುವ ಕ್ಯಾತಪ್ಪನ ಮುಂದೆ ಕುಕ್ಕರಗಾಲಲ್ಲಿ ಕೂತಳು.

"ಯಾರಿಗೆ ಅಂತ ಬರೀಲಿ ಯರ್ರಕ್ಕ? ಸಾಹೇಬರ ಪಾದಾರವಿಂದಕ್ಕೆ ಅಂತ್ಲೇ?"

"ಪಾದ ಹಿಡಿದಿದ್ದು ಸಾಕು. ಇಸಿಲದ ಮಹಾಮಾತ್ರರಿಗೆ ಅಂತ ಬರಿ."

ಕ್ಯಾತಪ್ಪನ ಪೆನ್ನು ನಿಂತುಬಿಟ್ಟಿತು. "ಅದ್ಯಾರವ್ವಾ?"

"ಆಗಿನ ಕಾಲಕ್ಕೆ ನಮ್ಮೂರ ಹೆಸರು ಇಸಿಲ. ಇಲ್ಲಿನ ಅಧಿಕಾರಿಗಳಿಗೆ ಮಹಾಮಾತ್ರರು ಅಂತಿದ್ರು, ಬಂಡೆ ಮೇಲೆ ಐತೆ. ಸಾಹೇಬ ಅಂದ್ರೆ ನಾವು ಕೈ ಮುಗಿಯೋನು. ಮಹಾಮಾತ್ರ ಅಂದ್ರೆ ಮೇಲಿಂದ ಅಪ್ಪಣೆ ಬಂದ್ರೆ ಮಾಡೋನು. ಬಂಡೇಲಿರೋ ಹಂಗೆ ಮೊದ್ಲು ಅವನ ಆರೋಗ್ಯ ಕೇಳ್ಬೇಕು, ಆಮೇಲೆ ಕೆಲಸ ಹೇಳ್ಬೇಕು. ಹಂಗೇ ಬರಿ."

ಕ್ಯಾತಪ್ಪ ಹಣೆ ಚಚ್ಚಿಕೊಂಡು ಹಾಗೇ ಬರೆದ. ವಾರದಲ್ಲಿ ಅರ್ಜಿ ವಾಪಸ್ ಬಂತು. 'ಈ ಹೆಸರಿನ ಹುದ್ದೆ ಕಚೇರಿಯಲ್ಲಿ ಇರುವುದಿಲ್ಲ' ಎಂದು ಗುಮಾಸ್ತ ಕೆಂಪು ಶಾಯಿಯಲ್ಲಿ ಗೀಚಿದ್ದ. ದೇವರು ಕೊಟ್ಟರೂ ಪೂಜಾರಿ ಕೊಡ ಅನ್ನುವುದು ಸುಳ್ಳೇ? ಊರೆಲ್ಲ ನಕ್ಕಿತು. ಯರ್ರಮ್ಮನಿಗೆ ಅವತ್ತು ನಿಜಕ್ಕೂ ಅಳು ಬಂತು. ಅತ್ತಳು, ಮೂಗು ಒರೆಸಿಕೊಂಡಳು, ಅರ್ಜಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಮುಂದಿನ ಸೋಮವಾರ, ಹೊಸದಾಗಿ ಬಂದಿದ್ದ ತಹಶೀಲ್ದಾರ್ ತ್ರಿವೇಣಿ ಶಾಲೆಯ ಅಂಗಳದಲ್ಲಿ ಅಹವಾಲು ಕೇಳಲು ಕೂತರು. ಬಂದವರೆಲ್ಲ ಬಗ್ಗಿ ಕೈಮುಗಿದು ಕಾಗದ ಕೊಡುತ್ತಿದ್ದರು. ಯರ್ರಮ್ಮ ನೆಟ್ಟಗೆ ನಿಂತು ಕೇಳಿದಳು, "ಆರೋಗ್ಯವಾಗಿದ್ದೀರೇನ್ರಿ ತಾಯಿ?"

ಪಕ್ಕದಲ್ಲಿದ್ದ ಗುಮಾಸ್ತ ಕಿಸಕ್ಕನೆ ನಕ್ಕ. "ಮೇಡಂ, ಮಹಾಮಾತ್ರ ಅಂತ ಅರ್ಜಿ ಬರೆಸಿದ್ದು ಈಯಮ್ಮನೇ."

"ಪೋವಯ್ಯಾ!" ಅಂದಳು ಯರ್ರಮ್ಮ. "ನಿಮ್ಮ ಮೇಡಂ ನೌಕರಿಗೆ ನಮ್ಮೂರಲ್ಲಿ ಎರಡು ಸಾವಿರ ವರ್ಷದ ಹಿಂದೇನೇ ಹೆಸರಿತ್ತು. ನಿಂಗೊತ್ತಿಲ್ಲ ಅಂದ್ರೆ ಹುದ್ದೇನೇ ಇಲ್ವಾ?"

ತ್ರಿವೇಣಿ ಅರ್ಜಿ ತೆಗೆದುಕೊಂಡು ಎರಡು ಸಲ ಓದಿದರು. ಅವರ ಮುಖ ಕೆಂಪಾಯಿತು. "ಈ ಪದ ನನಗೆ ಗೊತ್ತಮ್ಮಾ. ಪರೀಕ್ಷೇಲಿ ಬಂದಿತ್ತು. ಎರಡು ಮಾರ್ಕ್ಸ್."

"ಮಾರ್ಕ್ಸ್ ಬಂತಲ್ಲ ತಾಯಿ, ಇನ್ನ ಕೆಲಸ ಮಾಡ್ರಿ. ಸಣ್ಣೋರೂ ಪ್ರಯತ್ನಪಟ್ರೆ ಸ್ವರ್ಗ ಸಿಗ್ತೈತೆ ಅಂತ ಅದೇ ಬಂಡೆ ಮೇಲೈತೆ. ನಂಗೆ ಸ್ವರ್ಗ ಬ್ಯಾಡ, ಬಂಡಿದಾರಿ ಸಾಕು."

ಅಂಗಳದಲ್ಲಿ ಯಾರೂ ನಗಲಿಲ್ಲ. ತ್ರಿವೇಣಿ ಅಲ್ಲೇ ಗ್ರಾಮದ ನಕಾಶೆ ತರಿಸಿ ಹಾಸಿದರು. ಓಂಕಾರಮೂರ್ತಿ ಈಗ ಗೇಟು ಹಾಕಿದ್ದ ಜಾಗದ ನಟ್ಟನಡುವೆಯೇ ಅದರಲ್ಲಿ ಬಂಡಿದಾರಿ ಹಾದುಹೋಗಿತ್ತು.

ಗುರುವಾರ ಸರ್ವೆಯವರು ಸರಪಳಿ ಹಿಡಿದು ಬಂದರು, ಹಿಂದೆಯೇ ಜೆಸಿಬಿ. ಓಂಕಾರಮೂರ್ತಿ ಯಾರ್‍ಯಾರಿಗೋ ಫೋನ್ ಹಚ್ಚಿದ. ತ್ರಿವೇಣಿ ನಕಾಶೆ ಮುಂದೆ ಹಿಡಿದು, "ಇದರಲ್ಲಿ ನಿಮ್ಮ ಗೇಟು ತೋರಿಸ್ರಿ, ಬಿಟ್ಟುಬಿಡ್ತೀನಿ" ಅಂದರು. ಅವನು ಫೋನ್ ಜೇಬಿಗಿಳಿಸಿ ಪಕ್ಕಕ್ಕೆ ಸರಿದ. ಕಂಬಗಳು ಒಂದೊಂದಾಗಿ ಉರುಳಿದವು. ಯರ್ರಮ್ಮನ ಕಣ್ಣು ತುಂಬಿ ಬಂತು, ಈ ಸಲ ಒರೆಸಿಕೊಳ್ಳುವ ಗೋಜಿಗೂ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಂಡಿ ಕಟ್ಟಿಸಿಕೊಂಡು ಬಂದು ನೋಡುತ್ತಾಳೆ, ದಾರಿಯ ಬಾಯಲ್ಲಿ ಆಗಲೇ ಆರು ಟ್ರ್ಯಾಕ್ಟರು ಸಾಲಾಗಿ ನಿಂತಿವೆ! ಅರ್ಜಿಗೆ ಹೆಬ್ಬೆಟ್ಟು ಒತ್ತಿರೆಂದರೆ ಹಿತ್ತಿಲಲ್ಲಿ ಅಡಗಿದ್ದ ಆಚೆ ಹೊಲದವರು, ಕೆಂಪು ಶಾಯಿ ನೋಡಿ ನಕ್ಕವರು, ಎಲ್ಲರೂ ಅಲ್ಲಿದ್ದರು. ಅವಳನ್ನು ಕಂಡದ್ದೇ ಇಂಜಿನ್ ಆರಿಸಿ ತಲೆ ತಗ್ಗಿಸಿದರು. ಮುಂದಿದ್ದ ಜುಂಜಪ್ಪ ಕೆಳಗಿಳಿದು, "ನೀನು ಮೊದ್ಲು ಹೋಗವ್ವ, ನಿನ್ನ ದಾರಿ" ಅಂದ.

ಯರ್ರಮ್ಮ ಸೊಂಟದ ಮೇಲೆ ಕೈಯಿಟ್ಟು ಆರೂ ಜನರನ್ನು ಒಬ್ಬೊಬ್ಬರನ್ನಾಗಿ ನೋಡಿದಳು.

"ನನ್ನ ದಾರಿ ಅಂತೆ! ನನ್ನದೂ ಅಲ್ಲ, ಅವನಪ್ಪಂದೂ ಅಲ್ಲ, ಊರಿಂದು. ನಡೀರಿ, ಹೊತ್ತಾಗ್ತೈತೆ!"