ಷಡಕ್ಷರಪ್ಪ ಆರಿಸಿದ ನೂರು ಮನೆಗಳು

ಷಡಕ್ಷರಪ್ಪನವರು ಕೆಟ್ಟ ಮನುಷ್ಯರಲ್ಲ, ಸೋಮಾರಿಯೂ ಅಲ್ಲ. ಅವರು ಮಾಡಿದ ಒಂದು ಕೆಲಸದಿಂದ ಎಂಟು ಸಂಸಾರಗಳು ಮನೆ ಕಳೆದುಕೊಂಡವು. ಈ ಎರಡು ಮಾತುಗಳೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಬಿಡುವವರೇ ಹೆಚ್ಚಾಗಿರುವುದರಿಂದ ಬರೆಯುತ್ತಿದ್ದೇನೆ.

ಹುಟ್ಟಿದ್ದು ಹೊಳಲೂರಿನಲ್ಲಿ. ಎಸ್ಸೆಸ್ಸೆಲ್ಸಿ ಮುಗಿಸಿ 1971ರಲ್ಲಿ ನಗರಸಭೆಯಲ್ಲಿ ಮನೆ ಕಂದಾಯದ ಗುಮಾಸ್ತರಾಗಿ ಸೇರಿದರು. ಮೊದಲು ಶಿವಮೊಗ್ಗ, ಆಮೇಲೆ ಹದಿಮೂರು ವರ್ಷ ಭದ್ರಾವತಿ, ಮತ್ತೆ ಶಿವಮೊಗ್ಗ. ಹೊಸಮನೆ ಬಡಾವಣೆಯಲ್ಲಿ ಹೆಂಡತಿ ಮಹಾಂತಮ್ಮನೊಡನೆ ಇದ್ದರು. ದಪ್ಪ ಕನ್ನಡಕ, ಸದಾ ಒಗೆದ ಬಿಳಿ ಅಂಗಿ, ಮಾತು ಕಡಿಮೆ.

ಅವರ ಕಾಲದಲ್ಲಿ ಮನೆಗಳ ನಂಬರು ಎರಡು ಸಲ ಬದಲಾಯಿತು. ಮೊದಲಿನದು ಬಾಗಿಲ ಮೇಲೆ ಡಾಂಬರಿನಲ್ಲಿ ಬರೆದದ್ದು. ಆಮೇಲೆ ತಗಡಿನ ಬಿಲ್ಲೆ ಬಂತು, ಕೊನೆಗೆ ನೀಲಿ ಫಲಕ. ಹೊಸದು ಬಂದಾಗ ಹಳೆಯದನ್ನು ಯಾರೂ ತೆಗೆಯಲಿಲ್ಲ, ದಾಖಲೆಯನ್ನೂ ತಿದ್ದಲಿಲ್ಲ. ನಲ್ಲಿ ಡಾಂಬರಿನ ನಂಬರಿನಲ್ಲಿ, ಕರೆಂಟ್ ಮೀಟರು ತಗಡಿನ ನಂಬರಿನಲ್ಲಿ, ಕಂದಾಯ ನೀಲಿ ನಂಬರಿನಲ್ಲಿ ಉಳಿದವು. ಮೂರು ಕಾಗದದ ಮೂರು ವಿಳಾಸಗಳೂ ಒಂದೇ ಮನೆಯವು ಎಂದು ಹೇಳಲು ಬಾಗಿಲ ಮುಂದೆ ನಿಂತು ನೋಡಿದವರೇ ಬೇಕಿತ್ತು. ಷಡಕ್ಷರಪ್ಪ ನಿಂತು ನೋಡಿದರು. 1976ರಿಂದ ಒಂದು ಉದ್ದ ರಿಜಿಸ್ಟರಿನಲ್ಲಿ ಮನೆಗೊಂದು ಸಾಲು ಹಾಕಿ, ಮೂರೂ ನಂಬರು, ವಾಸವಿದ್ದವರ ಹೆಸರು ಬರೆಯುತ್ತ ಬಂದರು. ಯಾರೂ ಹೇಳಿರಲಿಲ್ಲ. ಕಚೇರಿಯವರು ಅದನ್ನು ಜೋಡಿ ಬುಕ್ಕು ಎಂದು ಕರೆದು, ಬೇಕಾದಾಗ ಕೇಳಿ ನೋಡಿಕೊಳ್ಳುತ್ತಿದ್ದರು.

2003ರಲ್ಲಿ ಎರಡೂ ಊರಿಗೆ ಸೇರಿಸಿ ವಿಳಾಸ ಘಟಕ ಎಂಬುದೊಂದನ್ನು ಶಿವಮೊಗ್ಗದ ದುರ್ಗಿಗುಡಿಯ ಬಾಡಿಗೆ ಮಹಡಿಯೊಂದರಲ್ಲಿ ತೆರೆದರು. ಮುಖ್ಯಸ್ಥರು ಶ್ರೀನಿವಾಸಮೂರ್ತಿ. ಒಂದೇ ಮನೆಯ ಬೇರೆ ಬೇರೆ ವಿಳಾಸಗಳನ್ನು ಜೋಡಿಸಬಲ್ಲ ತಂತ್ರಾಂಶವನ್ನು ಕೊಳ್ಳುವುದು ಘಟಕದ ಮೊದಲ ಕೆಲಸ. ಷಡಕ್ಷರಪ್ಪನವರನ್ನು ಅಲ್ಲಿಗೆ ಹಾಕಿದರು. ಖರೀದಿ ಸಮಿತಿಯಲ್ಲಿ ಶ್ರೀನಿವಾಸಮೂರ್ತಿ, ಒಬ್ಬ ಎಂಜಿನಿಯರು ಮತ್ತು ಹೊರಗಿನ ಸದಸ್ಯೆಯಾಗಿ ನಾನು. ನಾನು ಆಗಷ್ಟೇ ಕಾಲೇಜಿನಿಂದ ನಿವೃತ್ತಳಾಗಿದ್ದೆ.

ಟೆಂಡರಿನಲ್ಲಿ ಮುಂದೆ ಬಂದ ಕಂಪನಿಯ ಪರವಾಗಿ ವಿಜಯೇಂದ್ರ ಎಂಬಾತ ಬಂದಿದ್ದ. ಪ್ರಾತ್ಯಕ್ಷಿಕೆಗೆ ನೂರು ಮನೆಗಳ ಮಾಹಿತಿ ಬೇಕೆಂದು ಕೇಳಿದ. ಆರಿಸುವ ಕೆಲಸ ಷಡಕ್ಷರಪ್ಪನವರಿಗೆ ಬಿತ್ತು. ಅವರು ಮೂರು ದಿನ ರಜೆ ಹಾಕಿ ಮನೆಯಲ್ಲಿ ಕುಳಿತು ಜೋಡಿ ಬುಕ್ಕಿನಿಂದ ನೂರು ಸಾಲುಗಳನ್ನು ಆರಿಸಿ ಬೇರೆ ಹಾಳೆಗೆ ಇಳಿಸಿದರು. ಅಲ್ಲಿ ನಡೆದ ಮಾತನ್ನು ಮಹಾಂತಮ್ಮ ಆಮೇಲೆ ನನಗೆ ಹೇಳಿದರು.

"ಹೆಣ್ಣು ನೋಡೋಕೆ ಬರ್ತಾರೇನ್ರಿ? ಹಿಂಗೆ ಸಿಂಗಾರ ಮಾಡ್ತಿದೀರಿ?" ಎಂದು ಆಕೆ ಕೇಳಿದ್ದರು.

"ಹೊರಗಿನೋರು ಬರ್ತಾರೆ ಮಾರಾಯ್ತಿ. ನಮ್ಮೂರಿನ ದಾಖಲೆ ಚಿಂದಿ ಅಂತ ಆಡ್ಕೊಂಡು ಹೋಗ್ಬೇಕಾ? ತಕರಾರಿಂದು ಒಂದೂ ಬೇಡ. ವಠಾರ ಬೇಡ, ಪಾಲಾದ ಮನೆ ಬೇಡ. ಲಕ್ಷಣವಾಗಿರೋವೇ ಕೊಡ್ತೀನಿ."

ನೆಂಟರು ಬಂದಾಗ ಒಡಕು ಲೋಟವನ್ನು ಯಾರೂ ಹೊರಗೆ ತರುವುದಿಲ್ಲ. ಅವರು ಮಾಡಿದ್ದು ಅಷ್ಟೇ.

ಪ್ರಾತ್ಯಕ್ಷಿಕೆಯ ದಿನ ವಿಜಯೇಂದ್ರ ಒಂದು ಹಳೆಯ ನಂಬರು ಒತ್ತಿದ. ಪರದೆಯ ಮೇಲೆ ಮೂರು ವಿಳಾಸ, ನಲ್ಲಿ, ಮೀಟರು, ಕಂದಾಯ ಎಲ್ಲ ಒಟ್ಟಿಗೆ ಬಂದವು. ನೂರಕ್ಕೆ ನೂರೂ ಸರಿ. ಷಡಕ್ಷರಪ್ಪ ಕುರ್ಚಿಯಿಂದ ಎದ್ದು ಪರದೆಯ ಹತ್ತಿರ ಹೋಗಿ ನಿಂತರು.

"ನೋಡ್ರಿ ಷಡಕ್ಷರಪ್ಪನೋರೇ, ನಿಮ್ ಇಪ್ಪತ್ತೇಳು ವರ್ಷದ ಕೆಲ್ಸ ಈ ಡಬ್ಬ ಒಂದ್ ಗಳಿಗೇಲಿ ಮಾಡ್ತು. ಇನ್ ನಿಮ್ಮನ್ನ ಯಾರು ಕೇಳ್ತಾರೆ?" ಎಂದರು ಶ್ರೀನಿವಾಸಮೂರ್ತಿ.

"ಕೇಳೋದ್ ಬೇಡ ಸಾರ್. ನನ್ ಕಣ್ಣೂ ಹೋಗ್ತಾ ಬಂತು. ಬುಕ್ಕಲ್ಲಿರೋದೆಲ್ಲ ಇದರೊಳಗೆ ಹೋದ್ರೆ ಸಾಕು."

ಮಾದರಿಯಲ್ಲಿ ಎಲ್ಲ ಬಗೆಯ ಮನೆಗಳೂ ಇವೆ ಎಂಬ ಒಂದು ಪ್ರಮಾಣಪತ್ರವನ್ನು ಟೈಪು ಮಾಡಿಸಿಟ್ಟಿದ್ದರು. ಷಡಕ್ಷರಪ್ಪ ಸಹಿ ಹಾಕಿದರು. ಅದರ ಕೆಳಗೆ ನಾವು ಮೂವರೂ ಹಾಕಿದೆವು. ನಾನು ಮೂವತ್ತು ವರ್ಷ ಸಂಖ್ಯಾಶಾಸ್ತ್ರ ಕಲಿಸಿದವಳು. ಈ ನೂರನ್ನು ಹೇಗೆ ಆರಿಸಿದಿರಿ ಎಂದು ಕೇಳಬೇಕಾದವಳು ನಾನು. ಕೇಳಲಿಲ್ಲ.

ಆ ತಂತ್ರಾಂಶ ಮನೆಯ ಅತಿ ಹಳೆಯ ನಂಬರನ್ನು ಬುಡವೆಂದು ಹಿಡಿಯುತ್ತಿತ್ತು. ಒಂದು ಬುಡಕ್ಕೆ ಒಂದೇ ಮನೆ. ಅದೇ ಹಳೆಯ ನಂಬರಿನೊಡನೆ ಇನ್ನೊಂದು ಮನೆ ಬಂದರೆ, ಒಂದೇ ಮನೆಯನ್ನು ತಪ್ಪಿ ಎರಡು ಸಲ ಬರೆದಿದ್ದಾರೆಂದು ತಿಳಿದು ಅದನ್ನು ತೆಗೆದುಹಾಕುತ್ತಿತ್ತು. ಷಡಕ್ಷರಪ್ಪ ಕೊಟ್ಟ ಲಕ್ಷಣವಾದ ನೂರು ಮನೆಗಳಲ್ಲಿ ಅಂಥದ್ದು ಒಂದೂ ಇರಲಿಲ್ಲ. ಎರಡೂ ಊರಿನ ಮನೆಗಳನ್ನು ತುಂಬಿ ಮುಗಿಸಿದಾಗ, ನಾಲ್ಕು ಸಾವಿರಕ್ಕೂ ಹೆಚ್ಚು ಪುನರಾವರ್ತನೆಗಳನ್ನು ತೆಗೆದಿದ್ದೇವೆ ಎಂದು ಕಂಪನಿ ವರದಿ ಕೊಟ್ಟಿತು. ದಾಖಲೆ ಶುದ್ಧವಾಯಿತೆಂದು ಎಲ್ಲರೂ ಸಂತೋಷಪಟ್ಟರು.

2005ರಲ್ಲಿ ಭದ್ರಾವತಿಯ ಹಳೇನಗರದಲ್ಲಿ ರಸ್ತೆ ಅಗಲ ಮಾಡಲು ಹೊರಟರು. ದಾರಿಗೆ ಅಡ್ಡವಾಗಿ ಒಂದು ವಠಾರವಿತ್ತು. ಹಿಂದೊಮ್ಮೆ ಅದು ಒಂದೇ ದೊಡ್ಡ ಮನೆ, ಡಾಂಬರಿನ ನಂಬರು 118. ಯಜಮಾನ ಅದನ್ನು ಒಂಬತ್ತು ಭಾಗ ಮಾಡಿ ಕಾರ್ಖಾನೆಯ ಒಂಬತ್ತು ಜನ ಕೆಲಸಗಾರರಿಗೆ ನೋಂದಣಿಯಿಲ್ಲದೆ, ಬರಿಯ ಕೈಬರಹದ ಮೇಲೆ ಬಿಟ್ಟುಕೊಟ್ಟಿದ್ದ. ಒಡೆಯುವ ಪ್ರತಿ ಮನೆಗೂ ಬೇರೆ ಬಡಾವಣೆಯಲ್ಲಿ ಒಂದು ಮನೆ ಎಂಬುದು ನಿಯಮ. ಪಟ್ಟಿ ತಯಾರಾದದ್ದು ಘಟಕದ ಕಂಪ್ಯೂಟರಿನಿಂದ.

ವಠಾರದ ನಾಲ್ಕನೆಯ ಬಾಗಿಲಿನ ವಸಂತಮ್ಮ, ಗಂಡ ತೀರಿಕೊಂಡ ಮೇಲೆ ಮಗಳೊಡನೆ ಅಲ್ಲೇ ಇದ್ದವರು, ಬಸ್ಸು ಹತ್ತಿ ದುರ್ಗಿಗುಡಿಗೆ ಬಂದರು.

"ಷಡಕ್ಷರಪ್ಪೋರೇ, ಪಟ್ಟೀಲಿ ಮೂಲೆಮನೆ ಪುಟ್ಟಪ್ಪನ ಹೆಸರು ಒಂದೇ ಇದೆ. ನಾವು ಎಂಟು ಮನೆಯೋರು ಎಲ್ಲಿ ಹೋದ್ವಿ?"

"ಇರ್ತೀರಮ್ಮ. ಕೊನೇ ಹಾಳೆ ನೋಡಿದ್ರಾ?"

"ಕೊನೇದೂ ನೋಡ್ದೆ, ಹಿಂದಗಡೆ ತಿರುಗಿಸ್ಕೊಂಡೂ ನೋಡ್ದೆ. ಇನ್ನು ಸತ್ತೋರ ಪಟ್ಟಿ ನೋಡೋದೊಂದು ಬಾಕಿ."

ಷಡಕ್ಷರಪ್ಪ 118 ಒತ್ತಿದರು. ಪುಟ್ಟಪ್ಪ ಬಂದ, ಬೇರೆ ಯಾರೂ ಬರಲಿಲ್ಲ. ಬೀರುವಿನಿಂದ ಜೋಡಿ ಬುಕ್ಕು ತೆಗೆದರು. ಅಲ್ಲಿ ಒಂಬತ್ತು ಸಾಲು ಇತ್ತು. ಪರದೆಯನ್ನೂ ಪುಟವನ್ನೂ ನೋಡಿದ ಅರ್ಧ ನಿಮಿಷದಲ್ಲಿ ಏನಾಗಿದೆಯೆಂದು ಅವರಿಗೆ ಪೂರ್ತಿ ತಿಳಿಯಿತು. ಬುಕ್ಕು ಹಿಡಿದು ಶ್ರೀನಿವಾಸಮೂರ್ತಿಯವರ ಕೋಣೆಗೆ ಹೋದರು.

"ಈ ಬುಕ್ಕಿಗೆ ಕಚೇರಿ ಸೀಲಿದೆಯಾ?"

"ಇಲ್ಲ ಸಾರ್. ಆದ್ರೆ ಎಲ್ರೂ ಇದನ್ನೇ ನೋಡ್ತಿದ್ದಿದ್ದು."

"ನೀವೇ ಬರ್ದು ನೀವೇ ಸಾಕ್ಷಿ ಹೇಳಿದ್ರೆ ಹೆಂಗ್ರಿ?" ಎಂದು ಅವರು ಫೈಲಿನಿಂದ ಪ್ರಮಾಣಪತ್ರ ತೆಗೆದರು. "ಎಲ್ಲ ಬಗೆಯ ಮನೆಗಳೂ ಇವೆ ಅಂತ ಬರ್ದಿದೆ. ಇದು ಯಾರ ಸಹಿ?"

"ನಂದೇ ಸಾರ್."

"ಈಗ ಇಲ್ಲ ಅಂದ್ರೆ ಅವತ್ತು ಸುಳ್ಳು ಹೇಳಿದ್ರಿ ಅಂತಾಯ್ತು. ಕಂಪನಿಯೋರು ಬುಡದಿಂದ ಬದಲಾಯಿಸ್ಬೇಕು, ಮತ್ತೆ ಟೆಂಡರ್ ಕರೀಬೇಕು ಅಂತಾರೆ. ಅಷ್ಟರಲ್ಲಿ ರಸ್ತೆ ಆಗಿರತ್ತೆ."

ಮರುದಿನ ಮಧ್ಯಾಹ್ನ ಷಡಕ್ಷರಪ್ಪ ನನ್ನ ಮನೆಗೆ ಬಂದರು. ಕುಳಿತುಕೊಳ್ಳಲಿಲ್ಲ. "ಮೇಡಂ, ನಾನು ಆರಿಸಿ ಕೊಟ್ಟೆ, ನೀವು ಒಪ್ಪಿದ್ರಿ. ತಪ್ಪಾಯ್ತು ಅಂತ ಇಬ್ರೂ ಬರ್ದು ಕೊಡೋಣ. ಆ ಎಂಟು ಮನೆ ಪಟ್ಟೀಗೆ ಬಂದ್ರೆ ಸಾಕು, ನನ್ ಕೆಲ್ಸ ಹೋದ್ರೂ ಹೋಗ್ಲಿ."

ಇಬ್ಬರೂ ಮೇಲಧಿಕಾರಿಗಳಿಗೆ ಬರೆದುಕೊಟ್ಟೆವು. ಐದು ವಾರದ ಮೇಲೆ ಉತ್ತರ ಬಂತು. ಆಕ್ಷೇಪಣೆಯ ಅವಧಿ ಮುಗಿದಿರುವುದರಿಂದ ಪಟ್ಟಿಯನ್ನು ಮತ್ತೆ ತೆರೆಯಲಾಗದು ಎಂದಿತ್ತು. ಆಕ್ಷೇಪಣೆ ಕೇಳಿದ ನೋಟೀಸು ಎಲ್ಲಿಗೆ ಹೋಗಿತ್ತೆಂದು ವಿಚಾರಿಸಿದೆ. ಕಂಪ್ಯೂಟರಿನಲ್ಲಿದ್ದ ವಿಳಾಸಕ್ಕೆ ಹೋಗಿತ್ತು. ಪುಟ್ಟಪ್ಪ ಅದು ತನಗೊಬ್ಬನಿಗೇ ಬಂದದ್ದೆಂದು ತಿಳಿದು ಟ್ರಂಕಿನಲ್ಲಿ ಇಟ್ಟುಕೊಂಡಿದ್ದ. ಅವನದೂ ತಪ್ಪಿಲ್ಲ.

ವಠಾರ ಒಡೆದದ್ದು 2006ರ ಫೆಬ್ರವರಿಯಲ್ಲಿ. ಬೆಳಿಗ್ಗೆ ಯಂತ್ರ ಬಂದು ನಿಂತಿತು. ಆದರೆ ಮೊದಲು ಮೀಟರು ಬಿಚ್ಚಬೇಕು, ನಲ್ಲಿ ಮುಚ್ಚಬೇಕು. ಆದೇಶದಲ್ಲಿ ಒಂದು ಮನೆ ಎಂದಿತ್ತು. ಓಣಿಯ ಗೋಡೆಯ ಹಲಗೆಯಲ್ಲಿ ಮಾತ್ರ ಒಂಬತ್ತು ಮೀಟರು, ಚರಂಡಿಯಲ್ಲಿ ಒಂಬತ್ತು ಪೈಪು. ಯಾವುದು ಯಾವ ಬಾಗಿಲಿನದೆಂದು ಬರೆದುಕೊಳ್ಳದೆ ಬಿಚ್ಚುವಂತಿರಲಿಲ್ಲ. ಅದು ಲೈನ್‌ಮನ್ನಿಗೆ ತಿಳಿಯಲಿಲ್ಲ. ಕಂಪ್ಯೂಟರಿನಲ್ಲಿ ಕೇಳಿದರೆ ಅದು ಪುಟ್ಟಪ್ಪನ ಒಂದನ್ನೇ ತೋರಿಸಿತು. ಶ್ರೀನಿವಾಸಮೂರ್ತಿ ಜೀಪು ಕಳಿಸಿದರು, ಷಡಕ್ಷರಪ್ಪನವರನ್ನು ಬುಕ್ಕಿನ ಸಮೇತ ಕರೆತರಲು.

ಅವರು ಹೋಗದಿರಬಹುದಿತ್ತು. ಹೋದರು. ಮೊದಲನೆಯ ಬಾಗಿಲಿನ ಮುಂದೆ ನಿಂತು ಸಾಲು ಓದಿದರು, ಮೀಟರು ತೋರಿಸಿದರು, ಪೈಪು ತೋರಿಸಿದರು. ಲೈನ್‌ಮನ್ ಬಿಚ್ಚಿದ. ಎರಡನೆಯದು, ಮೂರನೆಯದು. ಒಂದೂ ತಪ್ಪಲಿಲ್ಲ. ನಾಲ್ಕನೆಯ ಬಾಗಿಲಿನ ಎದುರು ವಸಂತಮ್ಮ ಪಾತ್ರೆಯ ಮೂಟೆಯ ಮೇಲೆ ಕುಳಿತಿದ್ದರು.

"ಈಗ ಒಂಬತ್ತು ಮನೆ ಆಯ್ತೇನ್ರಿ?" ಎಂದು ಕೇಳಿದರು. "ಕೊಡೋವಾಗ ಒಂದು, ಕೆಡವೋವಾಗ ಒಂಬತ್ತಾ?"

ಷಡಕ್ಷರಪ್ಪ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿ ಹಾಕಿಕೊಂಡು ನಾಲ್ಕನೆಯ ಸಾಲು ಓದಿದರು. ಅಲ್ಲಿ ವಸಂತಮ್ಮನ ಗಂಡನ ಹೆಸರಿತ್ತು. ಅದನ್ನೂ ಓದಿದರು. ಮಧ್ಯಾಹ್ನದೊಳಗೆ ಎಲ್ಲ ಮುಗಿಯಿತು.

ಮರುವರ್ಷ ಅವರು ನಿವೃತ್ತರಾದರು. ವಸಂತಮ್ಮ ಮಗಳೊಡನೆ ಕಾಗದನಗರದಲ್ಲಿ ತಂಗಿಯ ಮನೆ ಸೇರಿದ್ದಾರೆಂದು ಯಾರೋ ಹೇಳಿದರು. ಉಳಿದ ಏಳು ಸಂಸಾರಗಳು ಎಲ್ಲಿಗೆ ಹೋದವೆಂದು ಒಮ್ಮೆ ಷಡಕ್ಷರಪ್ಪನವರನ್ನು ಕೇಳಿದೆ.

"ಗೊತ್ತಿಲ್ಲ ಮೇಡಂ," ಎಂದರು. "ಕೇಳೋ ಮುಖ ನನಗಿರ್ಲಿಲ್ಲ."